ಪೋಸ್ಟ್‌ಗ್ರೆಸ್ ರೆಪ್ಲಿಕೇಶನ್: ವಿಳಂಬ ಅಳೆಯುವ ಬಗೆ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಪ್ರತಿ ಬದಲಾವಣೆಯೂ ಮೊದಲು ‘ರೈಟ್ ಅಹೆಡ್ ಲಾಗ್’ ಎಂಬ ದಾಖಲೆಗೆ ಸೇರುತ್ತದೆ. ಪ್ರೈಮರಿ ಎಂಬ ಮುಖ್ಯ ಸರ್ವರ್ ಈ ಲಾಗನ್ನು ತನ್ನ ಪ್ರತಿಯಾದ ಸ್ಟ್ಯಾಂಡ್‌ಬೈ ಸರ್ವರ್‌ಗೆ ನಿರಂತರವಾಗಿ ಕಳಿಸುವುದೇ ಸ್ಟ್ರೀಮಿಂಗ್ ರೆಪ್ಲಿಕೇಶನ್. ಇದು ಬಂದದ್ದು 2010ರ 9.0 ಆವೃತ್ತಿಯಲ್ಲಿ.

ಸ್ಟ್ಯಾಂಡ್‌ಬೈ ಎಷ್ಟು ಹಿಂದಿದೆ ಎಂದು ನಿಗಾ ಇಡಲು ಪ್ರೈಮರಿಯಲ್ಲಿ ‘ಪಿಜಿ ಸ್ಟ್ಯಾಟ್ ರೆಪ್ಲಿಕೇಶನ್’ ಎಂಬ ವ್ಯೂ ಇದೆ. ಲಾಗ್ ಎಲ್ಲಿಯವರೆಗೆ ಹೋಗಿದೆ, ಸ್ಟ್ಯಾಂಡ್‌ಬೈ ಎಷ್ಟನ್ನು ಬರೆದುಕೊಂಡಿದೆ, ಎಷ್ಟನ್ನು ಡಿಸ್ಕ್‌ನಲ್ಲಿ ಭದ್ರಪಡಿಸಿದೆ, ಎಷ್ಟನ್ನು ಅನ್ವಯಿಸಿದೆ ಎಂಬ ನಾಲ್ಕು ಸ್ಥಾನಗಳು ಅಲ್ಲಿ ಸಿಗುತ್ತವೆ. 2017ರ 10ನೇ ಆವೃತ್ತಿಯಿಂದ ಕೊನೆಯ ಮೂರರ ವಿಳಂಬ ಸಮಯದ ಲೆಕ್ಕದಲ್ಲೂ ಕಾಣುತ್ತದೆ.

ಎಡವುವ ಜಾಗ ಒಂದಿದೆ, ಇದನ್ನು ಚೆನ್ನಾಗಿ ಓದಿಕೊಳ್ಳಿ. ಸ್ಟ್ಯಾಂಡ್‌ಬೈ ಕೊನೆಯದಾಗಿ ಅನ್ವಯಿಸಿದ ವಹಿವಾಟು ಪ್ರೈಮರಿಯಲ್ಲಿ ಕಮಿಟ್ ಆದ ಹೊತ್ತನ್ನು ಈಗಿನ ಹೊತ್ತಿನಿಂದ ಕಳೆದರೆ ವಿಳಂಬ ಸಿಗುತ್ತದೆ ಎಂದು ಹಲವರು ಬರೆಯುತ್ತಾರೆ. ರಾತ್ರಿಯಿಡೀ ಹೊಸ ವಹಿವಾಟೇ ಇಲ್ಲದಿದ್ದರೆ ಆ ಅಂಕಿ ಬೆಳೆಯುತ್ತಲೇ ಹೋಗುತ್ತದೆ. ಅನ್ವಯಿಸಬೇಕಾದ ಬಾಕಿ ಮಾತ್ರ ಸೊನ್ನೆ! ಹಾಗಾಗಿ ಲಾಗ್ ಸ್ಥಾನಗಳ ನಡುವಿನ ಅಂತರವನ್ನು ಬೈಟ್‌ಗಳಲ್ಲೂ ನೋಡಲೇಬೇಕು.

ರೆಪ್ಲಿಕೇಶನ್ ಸ್ಲಾಟ್ 2014ರ 9.4 ಆವೃತ್ತಿಯ ಸೇರ್ಪಡೆ. ಇದಿದ್ದರೆ ಸ್ಟ್ಯಾಂಡ್‌ಬೈ ನಿಂತುಹೋದರೂ ಅದಕ್ಕೆ ಬೇಕಾದ ಲಾಗನ್ನು ಪ್ರೈಮರಿ ಉಳಿಸಿಕೊಳ್ಳುತ್ತದೆ. ಗಮನಿಸದಿದ್ದರೆ ಪ್ರೈಮರಿಯ ಡಿಸ್ಕೇ ತುಂಬಿಬಿಡುತ್ತದೆ. ಹೀಗೆ ಉಳಿಯುವ ಲಾಗ್‌ಗೆ ಮಿತಿ ಹಾಕುವ ಸೌಲಭ್ಯ ಬಂದದ್ದು 2020ರ 13ನೇ ಆವೃತ್ತಿಯಲ್ಲಿ.