ಲ್ಯಾಪ್‌ಟಾಪಿನಲ್ಲಿ ವರ್ಚುವಲೈಸೇಷನ್ ಚಾಲೂ ಆಗದಿದ್ದರೆ: ಹಳೆಯ ಲೆಕ್ಕ ತೆರೆಯಬೇಕಾದ ವರ್ತಕರಿಗೆ ಒಂದು ಪಾಠ

ಲೆಕ್ಕಪತ್ರಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿ ಇಪ್ಪತ್ತು ವರ್ಷ ದಾಟಿದ ಮಳಿಗೆಗಳು ದಾವಣಗೆರೆಯಲ್ಲಿ ಕಡಿಮೆಯೇನಿಲ್ಲ. ಚೌಕಿಪೇಟೆಯ ಸಗಟು ಅಂಗಡಿಯಿರಲಿ, ವಿನೋಬನಗರದ ಬಿಡಿಭಾಗಗಳ ಮಳಿಗೆಯಿರಲಿ, ಅಂದಿನ ದಿನಗಳಲ್ಲಿ ಪರಿಚಯದ ಹುಡುಗನೊಬ್ಬನಿಂದ ಫಾಕ್ಸ್‌ಪ್ರೊದಲ್ಲಿ ಬರೆಸಿಕೊಂಡ ಬಿಲ್ಲಿಂಗ್ ತಂತ್ರಾಂಶ, ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ಓಡುವ ದಾಸ್ತಾನು ತಂತ್ರಾಂಶ ಇಂಥವು ಬಳಕೆಯಲ್ಲಿದ್ದವು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿಂದಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಹರಿಹರದಂಥ ಊರಿನ ಯಂತ್ರಶಾಲೆಗಳಲ್ಲಿ, ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಂ ಕಳಿಸುವ ಹಳೆಯ ತಂತ್ರಾಂಶದ್ದೂ ಇದೇ ಕಥೆ. ಅಕ್ಟೋಬರ್ 14, 2025ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಮುಗಿಯಿತು. ಹೊಸದಾಗಿ ಕೊಳ್ಳುವ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇರುತ್ತದೆ. ಅದು 64 ಬಿಟ್‌ನಲ್ಲಿ ಮಾತ್ರ ಲಭ್ಯ. 64 ಬಿಟ್ ವಿಂಡೋಸ್ ಡಾಸ್ ಕಾಲದ 16 ಬಿಟ್ ತಂತ್ರಾಂಶಗಳನ್ನು ನಡೆಸುವುದೇ ಇಲ್ಲ.

ಹಳೆಯದನ್ನು ಬಿಟ್ಟುಬಿಡೋಣವೆಂದರೆ ಕಾನೂನು ಬಿಡುವುದಿಲ್ಲ. ಜಿಎಸ್‌ಟಿ ಕಾಯಿದೆಯ 36ನೇ ಕಲಮಿನ ಪ್ರಕಾರ ವಾರ್ಷಿಕ ವಿವರಣೆ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. 2018-19ನೇ ಸಾಲಿಗೆ ಆ ಕೊನೆಯ ದಿನ ಡಿಸೆಂಬರ್ 31, 2020. ಅಂದರೆ ಆ ವರ್ಷದ ಲೆಕ್ಕ 2026ರ ಡಿಸೆಂಬರ್ ಕೊನೆಯವರೆಗೆ ಕೈಗೆಟಕುವಂತಿರಬೇಕು. ಮೇಲ್ಮನವಿ ಬಾಕಿಯಿದ್ದರೆ ಅದು ಇತ್ಯರ್ಥವಾಗಿ ಒಂದು ವರ್ಷ ಕಳೆಯುವವರೆಗೆ ಆ ವಿಷಯಕ್ಕೆ ಸಂಬಂಧಿಸಿದ ಕಡತಗಳನ್ನು ಇಟ್ಟುಕೊಳ್ಳಬೇಕಾಗುತ್ತದೆ. ಜಿಎಸ್‌ಟಿ ನಿಯಮ 57 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿದ್ಯುನ್ಮಾನ ದಾಖಲೆಗಳ ಪ್ರತಿ ತೆಗೆದಿಡಬೇಕು, ಕೇಳಿದಾಗ ಓದಬಲ್ಲ ರೂಪದಲ್ಲಿ ಹಾಜರುಪಡಿಸಬೇಕು, ಕಡತಗಳ ಪಾಸ್‌ವರ್ಡನ್ನೂ ಒದಗಿಸಬೇಕು ಎನ್ನುತ್ತದೆ. ಪೆನ್‌ಡ್ರೈವಿನಲ್ಲಿ ದತ್ತಾಂಶ ಇದೆ, ತೆರೆಯುವ ತಂತ್ರಾಂಶ ಓಡುತ್ತಿಲ್ಲ ಎಂಬುದು ಅಧಿಕಾರಿಗಳ ಮುಂದೆ ಉತ್ತರವಾಗಲಾರದು.

ಇಲ್ಲಿ ನೆರವಿಗೆ ಬರುವುದೇ ವರ್ಚುವಲ್ ಯಂತ್ರ. ಹೊಸ ಲ್ಯಾಪ್‌ಟಾಪಿನೊಳಗೆ ತಂತ್ರಾಂಶದ ಮೂಲಕವೇ ಮತ್ತೊಂದು ಗಣಕವನ್ನು ಕಟ್ಟಿ, ಅದರಲ್ಲಿ ಹಳೆಯ ವಿಂಡೋಸನ್ನು ಸ್ಥಾಪಿಸಿ, ಹಳೆಯ ತಂತ್ರಾಂಶವನ್ನು ಎಂದಿನಂತೆ ನಡೆಸುವುದು. ವರ್ಚುವಲ್‌ಬಾಕ್ಸ್, ವಿಎಂವೇರ್ ವರ್ಕ್‌ಸ್ಟೇಷನ್ ಈ ಕೆಲಸಕ್ಕೆ ಪ್ರಸಿದ್ಧ. ವರ್ಕ್‌ಸ್ಟೇಷನ್ ಪ್ರೊ 2024ರ ನವೆಂಬರಿನಿಂದ ವಾಣಿಜ್ಯ ಬಳಕೆಗೂ ಉಚಿತವಾಗಿದೆ. ವರ್ಚುವಲ್‌ಬಾಕ್ಸಿನ ಮೂಲ ತಂತ್ರಾಂಶವೂ ಉಚಿತ. ಆದರೆ ಅದರ ಜೊತೆಗೆ ಬೇರೆಯಾಗಿ ದೊರೆಯುವ ಎಕ್ಸ್‌ಟೆನ್ಷನ್ ಪ್ಯಾಕ್ ವೈಯಕ್ತಿಕ ಬಳಕೆಗೆ ಉಚಿತ, ವಾಣಿಜ್ಯ ಬಳಕೆಗೆ ಅಲ್ಲ. ಅಂಗಡಿಯ ಯಂತ್ರದಲ್ಲಿ ಅದನ್ನು ಹಾಕಿಕೊಳ್ಳುವವರು ಈ ವ್ಯತ್ಯಾಸವನ್ನು ಗಮನಿಸತಕ್ಕದ್ದು.

ಈ ತಂತ್ರಾಂಶಗಳಿಗೆ ಪ್ರೊಸೆಸರಿನ ಸಹಕಾರ ಬೇಕು. ಇಂಟೆಲ್ 2005ರಲ್ಲಿ ವಿಟಿ-ಎಕ್ಸ್ ಎಂಬ ಹೆಸರಿನಲ್ಲಿ, ಎಎಂಡಿ 2006ರಲ್ಲಿ ಎಎಂಡಿ-ವಿ ಎಂಬ ಹೆಸರಿನಲ್ಲಿ ಈ ಸೌಕರ್ಯವನ್ನು ಪ್ರೊಸೆಸರಿನಲ್ಲಿಯೇ ಅಳವಡಿಸಿದವು. ಮೊದಲು ಇದಿಲ್ಲದೆಯೂ ವರ್ಚುವಲ್‌ಬಾಕ್ಸ್ ಹೇಗೋ ನಿಭಾಯಿಸುತ್ತಿತ್ತು. 2019ರ ಡಿಸೆಂಬರಿನಲ್ಲಿ ಬಂದ 6.1ನೇ ಆವೃತ್ತಿಯಿಂದ ಅದು ಕಡ್ಡಾಯವಾಯಿತು. ತಯಾರಕರು ಕೆಲವೊಮ್ಮೆ ಈ ಸೌಕರ್ಯವನ್ನು ಮುಚ್ಚಿಯೇ ಕಳುಹಿಸುತ್ತಾರೆ. ಇದರ ಹಿಂದೆ ಭದ್ರತೆಯ ಅಂಜಿಕೆ ಇತ್ತು: ವರ್ಚುವಲೈಸೇಷನ್ ಬಳಸಿಯೇ ಕಣ್ಣಿಗೆ ಬೀಳದ ದುಷ್ಟ ತಂತ್ರಾಂಶ ಬರೆಯಬಹುದೆಂದು 2006ರಲ್ಲಿ ಯೊವಾನ್ನಾ ರುಟ್ಕೋವ್ಸ್ಕಾ ಎಂಬ ಸಂಶೋಧಕಿ ತೋರಿಸಿಕೊಟ್ಟಿದ್ದರು.

ಪಾಠದ ಮುಖ್ಯ ಭಾಗಕ್ಕೆ ಬರೋಣ. ವರ್ಚುವಲ್ ಯಂತ್ರ ಶುರು ಮಾಡಿದೊಡನೆ ‘ವಿಟಿ-ಎಕ್ಸ್ ಲಭ್ಯವಿಲ್ಲ’ ಎಂಬ ಅರ್ಥದ ಸಂದೇಶ ಬಂದರೆ, ಬಹುಮಂದಿ ನೇರವಾಗಿ ಬಯೋಸ್‌ಗೆ ಹೋಗಿ ಕಂಡಕಂಡದ್ದನ್ನು ಬದಲಿಸಲು ತೊಡಗುತ್ತಾರೆ. ಇದು ತಪ್ಪು ಕ್ರಮ. ದೋಷ ಎಲ್ಲಿದೆ ಎಂಬುದನ್ನು ಏನನ್ನೂ ಮುಟ್ಟದೆಯೇ ತಿಳಿಯಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಭಾಗದ ಸಿಪಿಯು ಪುಟದಲ್ಲಿ, ನಕ್ಷೆಯ ಕೆಳಗೆ, ವರ್ಚುವಲೈಸೇಷನ್ ಎಂಬ ಸಾಲಿದೆ. ಅದು ‘ಡಿಸೇಬಲ್ಡ್’ ಎಂದಿದ್ದರೆ ದೋಷ ಬಯೋಸ್‌ನಲ್ಲಿದೆ. ‘ಎನೇಬಲ್ಡ್’ ಎಂದಿದ್ದೂ ವರ್ಚುವಲ್‌ಬಾಕ್ಸ್ ತಕರಾರು ಮಾಡುತ್ತಿದ್ದರೆ ಬಯೋಸ್ ಸರಿಯಾಗಿಯೇ ಇದೆ. ಆ ಸೌಕರ್ಯವನ್ನು ವಿಂಡೋಸೇ ಮೊದಲು ಹಿಡಿದುಕೊಂಡಿದೆ ಎಂದು ತಿಳಿಯಬೇಕು. ಆ ಸಾಲೇ ಕಾಣದಿದ್ದರೆ ಪ್ರೊಸೆಸರಿನ ಮಾದರಿ ಸಂಖ್ಯೆಯನ್ನು ಗುರುತು ಹಾಕಿಕೊಂಡು ತಯಾರಕರ ಜಾಲತಾಣದಲ್ಲಿ ನೋಡಬೇಕು. ಆಟಂ ಎನ್270ರಂತಹ ಹಳೆಯ ಪ್ರೊಸೆಸರುಗಳಲ್ಲಿ ಈ ಸೌಕರ್ಯವೇ ಇಲ್ಲ. ಅಂಥಲ್ಲಿ ಯಾವ ಚಿಕಿತ್ಸೆಯೂ ಫಲಿಸದು. ಇತ್ತೀಚೆಗೆ ಬರುತ್ತಿರುವ ಸ್ನಾಪ್‌ಡ್ರ್ಯಾಗನ್ ಪ್ರೊಸೆಸರಿನ ಲ್ಯಾಪ್‌ಟಾಪುಗಳದು ಬೇರೆಯೇ ಜಾತಿ. ವರ್ಚುವಲ್‌ಬಾಕ್ಸ್ ಅವುಗಳಲ್ಲಿ ಎಕ್ಸ್‌ಪಿಯನ್ನು ನಡೆಸಲಾರದು. ಹಳೆಯ ಲೆಕ್ಕ ತೆರೆಯುವ ಉದ್ದೇಶವಿದ್ದವರು ಅಂಥದ್ದನ್ನು ಕೊಳ್ಳದಿರುವುದು ಲೇಸು.

ದೋಷ ಬಯೋಸ್‌ನಲ್ಲಿದೆ ಎಂದು ಖಚಿತವಾಯಿತೆನ್ನಿ. ಆಗಲೂ ತಡೆಯಿರಿ, ಬಯೋಸ್ ತೆರೆಯುವ ಮುನ್ನ ಮಾಡಲೇಬೇಕಾದ ಕೆಲಸವೊಂದಿದೆ. ವಿಂಡೋಸ್ 11ರ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ತಾನಾಗಿಯೇ ಬಿಟ್‌ಲಾಕರ್ ವ್ಯವಸ್ಥೆಯಿಂದ ಗೂಢಲಿಪಿಯಲ್ಲಿರುತ್ತದೆ. ಬಯೋಸ್‌ನಲ್ಲಿ ಬದಲಾವಣೆಯಾದರೆ ಕೆಲವೊಮ್ಮೆ ಯಂತ್ರ ಸಂದೇಹಪಟ್ಟು, ಮುಂದಿನ ಸಲ ಶುರುವಾಗುವಾಗ 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳುತ್ತದೆ. ಅದಿಲ್ಲದಿದ್ದರೆ ಡಿಸ್ಕಿನಲ್ಲಿರುವ ಲೆಕ್ಕ, ಬಿಲ್ಲು, ಪತ್ರವ್ಯವಹಾರ ಎಲ್ಲವೂ ಇದ್ದೂ ಇಲ್ಲದಂತೆ. ಈ ಕೀಲಿ ಸಾಮಾನ್ಯವಾಗಿ ಲ್ಯಾಪ್‌ಟಾಪನ್ನು ಮೊದಲು ಸಜ್ಜುಗೊಳಿಸಿದಾಗ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ದಾಖಲಾಗಿರುತ್ತದೆ. ನಮ್ಮಲ್ಲಿ ಆ ಮೊದಲ ಸಜ್ಜಿಕೆಯನ್ನು ಮಾಡುವವರು ಯಾರು? ಎಷ್ಟೋ ಸಲ ಮಾರಾಟದ ಅಂಗಡಿಯ ಹುಡುಗ. ಮಾಲೀಕರಿಗೆ ಮಿಂಚಂಚೆ ವಿಳಾಸ ನೆನಪಿರುವುದಿಲ್ಲ. ಅವನು ಕೆಲಸ ಬೇಗ ಮುಗಿಯಲೆಂದು ತನ್ನದೇ ವಿಳಾಸವನ್ನು ಕೊಟ್ಟುಬಿಡುತ್ತಾನೆ. ಹಾಗೇನಾದರೂ ಆಗಿದ್ದರೆ ನಿಮ್ಮ ಡಿಸ್ಕಿನ ಕೀಲಿ ಇರುವುದು ಅವನ ಖಾತೆಯಲ್ಲಿ! ಆದ್ದರಿಂದ ಸೆಟ್ಟಿಂಗ್ಸ್‌ನ ಅಕೌಂಟ್ಸ್ ಭಾಗದಲ್ಲಿ ಯಾರ ಹೆಸರಿದೆ ಎಂದು ಮೊದಲು ನೋಡಿ. ನಿಮ್ಮದೇ ಖಾತೆಗೆ ಪ್ರವೇಶಿಸಿ, ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದು ತಿಜೋರಿಯಲ್ಲಿಡಿ. ಲೆಕ್ಕದ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆಯಿರಿ. ಇಷ್ಟಾದ ನಂತರವೇ ಬಯೋಸ್.

ಬಯೋಸ್ ತೆರೆಯುವ ಕೀಲಿ ತಯಾರಕರಿಂದ ತಯಾರಕರಿಗೆ ಬೇರೆ. ಡೆಲ್, ಏಸರ್, ಆಸುಸ್‌ನಲ್ಲಿ ಸಾಧಾರಣವಾಗಿ ಎಫ್2; ಎಚ್‌ಪಿಯಲ್ಲಿ ಎಫ್10; ಲೆನೊವೊ ಥಿಂಕ್‌ಪ್ಯಾಡಿನಲ್ಲಿ ಎಫ್1, ಐಡಿಯಾಪ್ಯಾಡಿನಲ್ಲಿ ಎಫ್2. ಕೀಲಿ ಹಿಡಿಯಲು ಸಮಯ ಸಿಗದಿದ್ದರೆ ವಿಂಡೋಸಿನ ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ, ಅಡ್ವಾನ್ಸ್ಡ್ ಸ್ಟಾರ್ಟಪ್ ಮಾರ್ಗವಾಗಿ ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಆರಿಸಿದರೂ ಅಲ್ಲಿಗೇ ತಲುಪುತ್ತೀರಿ. ಒಳಗೆ ಅಡ್ವಾನ್ಸ್ಡ್, ಕಾನ್ಫಿಗರೇಷನ್ ಅಥವಾ ಸೆಕ್ಯುರಿಟಿ ಎಂಬ ವಿಭಾಗಗಳಲ್ಲೊಂದರಲ್ಲಿ ಇಂಟೆಲ್ ವರ್ಚುವಲೈಸೇಷನ್ ಟೆಕ್ನಾಲಜಿ ಎಂದೋ, ಎಎಂಡಿ ಆಗಿದ್ದರೆ ಎಸ್‌ವಿಎಂ ಮೋಡ್ ಎಂದೋ ಇರುತ್ತದೆ. ಪಕ್ಕದಲ್ಲಿಯೇ ವಿಟಿ-ಡಿ ಎಂಬುದು ಕಾಣಬಹುದು. ಅದು ಬೇರೆ ಸಾಧನಗಳಿಗೆ ಸಂಬಂಧಿಸಿದ್ದು. ಅದನ್ನು ಮಾತ್ರ ಚಾಲೂ ಮಾಡಿ ಕೆಲಸವಾಗಲಿಲ್ಲವೆಂದು ಕೊರಗಿ ಪ್ರಯೋಜನವಿಲ್ಲ.

ಬದಲಾವಣೆ ಉಳಿಸಿ ಹೊರಬಂದ ಮೇಲೂ ಟಾಸ್ಕ್ ಮ್ಯಾನೇಜರ್ ಹಳೆಯದನ್ನೇ ಹೇಳಿದರೆ, ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಕೆಲ ಕ್ಷಣ ಬಿಟ್ಟು ಮತ್ತೆ ಶುರು ಮಾಡಿ. ಈ ಸೌಕರ್ಯ ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ಬಯೋಸ್ ಯಂತ್ರ ಶುರುವಾಗುವಾಗಲೇ ಪ್ರೊಸೆಸರಿನಲ್ಲಿ ಬರೆದು ಬೀಗ ಹಾಕುತ್ತದೆ. ಕೆಲವು ಯಂತ್ರಗಳಲ್ಲಿ ವಿದ್ಯುತ್ ಪೂರ್ತಿ ನಿಂತ ಹೊರತು ಆ ಬೀಗ ಸಡಿಲುವುದಿಲ್ಲ.

ಕೆಲವು ಲ್ಯಾಪ್‌ಟಾಪುಗಳ ಬಯೋಸ್‌ನಲ್ಲಿ ಈ ಆಯ್ಕೆಯೇ ಇರುವುದಿಲ್ಲ. 2009ರ ಸುಮಾರಿಗೆ ಸೋನಿ ವಯೋ ಕೊಂಡವರು ಇದೇ ತೊಂದರೆ ಅನುಭವಿಸಿ, ಆಕ್ಷೇಪಗಳು ಹೆಚ್ಚಿದ ಮೇಲೆ ಕೆಲವು ಮಾದರಿಗಳಲ್ಲಿ ಆಯ್ಕೆ ದೊರೆಯಿತು. ಇಂದೂ ಬಯೋಸ್ ನವೀಕರಣದಿಂದ ಪರಿಹಾರ ಸಿಗುವುದುಂಟು. ಆದರೆ ನವೀಕರಣವನ್ನು ತಯಾರಕರ ಜಾಲತಾಣದಿಂದ, ನಿಮ್ಮದೇ ಮಾದರಿಗೆ ಮಾತ್ರ ಪಡೆಯಬೇಕು. ಬ್ಯಾಟರಿ ತುಂಬಿರಬೇಕು, ಚಾರ್ಜರೂ ಸಿಕ್ಕಿಸಿರಬೇಕು. ನಡುವೆ ವಿದ್ಯುತ್ ಕಡಿದರೆ ಯಂತ್ರವೇ ಹೋದಂತೆ. ಇನ್ನು, ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪನ್ನು ಅಗ್ಗಕ್ಕೆ ಕೊಳ್ಳುವವರಿಗೆ ಒಂದು ಮಾತು: ಹಣ ಎಣಿಸುವ ಮೊದಲು ಬಯೋಸ್ ತೆರೆದು ನೋಡಿ. ಹಿಂದಿನ ಕಂಪನಿಯ ಪಾಸ್‌ವರ್ಡ್ ಕೇಳಿದರೆ ಬೇರೆಯದನ್ನು ಆರಿಸಿ.

ಎರಡನೆಯ ಸ್ಥಿತಿ, ಅಂದರೆ ವಿಂಡೋಸೇ ಸೌಕರ್ಯವನ್ನು ಹಿಡಿದುಕೊಂಡಿರುವುದು, ಹೊಸ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯ. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಹೈಪರ್-ವಿ, ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಇವುಗಳ ಮುಂದೆ ಗುರುತು ಇದ್ದರೆ, ನಿಮಗೆ ಬೇಡದವನ್ನು ತೆಗೆದು, ‘ಶಟ್‌ಡೌನ್’ ಅಲ್ಲ, ‘ರೀಸ್ಟಾರ್ಟ್’ ಕೊಡಿ. ಕೆಲವು ವೈರಸ್ ನಿರೋಧಕ ತಂತ್ರಾಂಶಗಳೂ ಇದೇ ಸೌಕರ್ಯವನ್ನು ಬಳಸುತ್ತವೆ. ಇಷ್ಟಾದರೂ ಬಿಡದಿದ್ದರೆ ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಷನ್ ಭಾಗದಲ್ಲಿರುವ ಮೆಮೊರಿ ಇಂಟೆಗ್ರಿಟಿ ಕಾರಣವಾಗಿರಬಹುದು. ಅದನ್ನು ಆರಿಸಿದರೆ ವರ್ಚುವಲ್‌ಬಾಕ್ಸ್ ಚುರುಕಾಗಬಹುದು, ನಿಜ. ಆದರೆ ಅದು ಕೆಟ್ಟ ತಂತ್ರಾಂಶ ವಿಂಡೋಸಿನ ಒಡಲಿಗೆ ಇಳಿಯದಂತೆ ತಡೆಯುವ ಕಾವಲು. ಬ್ಯಾಂಕಿನ ವಹಿವಾಟು, ಜಿಎಸ್‌ಟಿ ಸಲ್ಲಿಕೆ ನಡೆಸುವ ಅದೇ ಲ್ಯಾಪ್‌ಟಾಪಿನಲ್ಲಿ, ವರ್ಷಕ್ಕೆರಡು ಬಾರಿ ಹಳೆಯ ಖಾತೆ ನೋಡುವುದಕ್ಕಾಗಿ ಆ ಕಾವಲನ್ನು ತೆಗೆಯುವುದು ನನ್ನ ಅಭಿಪ್ರಾಯದಲ್ಲಿ ಲಾಭದ ವ್ಯಾಪಾರವಲ್ಲ. ಇಂದಿನ ವರ್ಚುವಲ್‌ಬಾಕ್ಸ್ ಹೈಪರ್-ವಿ ಇದ್ದಾಗಲೂ ಅದರ ಮೂಲಕವೇ ನಡೆಯಬಲ್ಲದು. ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ತೋರಿಸಿ ತನ್ನ ನಿಧಾನವನ್ನು ತಾನೇ ಒಪ್ಪಿಕೊಳ್ಳುತ್ತದೆ. ಹಳೆಯ ಲೆಡ್ಜರ್ ಮುದ್ರಿಸಲು ಆ ಆಮೆಯ ವೇಗ ಧಾರಾಳವಾಗಿ ಸಾಕು.

ಇಷ್ಟೆಲ್ಲ ಶ್ರಮ ನಿಮಗೆ ಬೇಕೇ ಎಂಬುದನ್ನೂ ಯೋಚಿಸಬೇಕು. ಅಪ್ಪಟ ಡಾಸ್ ತಂತ್ರಾಂಶವಾದರೆ ಡಾಸ್‌ಬಾಕ್ಸ್ ಎಂಬ ಉಚಿತ ಸಾಧನವೇ ಬಹುತೇಕ ಸಾಕಾಗುತ್ತದೆ. ಅದಕ್ಕೆ ವಿಟಿ-ಎಕ್ಸ್ ಬೇಕಿಲ್ಲ. ಟ್ಯಾಲಿ ಇಆರ್‌ಪಿ 9ರ ದತ್ತಾಂಶವನ್ನು ಟ್ಯಾಲಿಪ್ರೈಮ್‌ಗೆ ವರ್ಗಾಯಿಸುವ ವ್ಯವಸ್ಥೆ ಟ್ಯಾಲಿಯಲ್ಲೇ ಇದೆ. ಇನ್ನು ಮುದ್ರಕದ ಹಳೆಯ ಅಗಲ ಪೋರ್ಟಿಗೆ ಸಿಕ್ಕಿಸುತ್ತಿದ್ದ ಡಾಂಗಲ್ ಬೇಡುವ ತಂತ್ರಾಂಶವಾದರೆ, ವರ್ಚುವಲೈಸೇಷನ್ ಚಾಲೂ ಆದರೂ ಕೆಲಸ ಕೆಡುವ ಸಂಭವ ಹೆಚ್ಚು. ಯುಎಸ್‌ಬಿಗೆ ಹಾಕುವ ಪ್ರಿಂಟರ್ ಕೇಬಲ್ ಆ ಡಾಂಗಲನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಅಂಥವರು ಹಳೆಯ ಯಂತ್ರವನ್ನೇ ಜೋಪಾನ ಮಾಡುವುದು ಮೇಲು.

ವರ್ಚುವಲ್ ಯಂತ್ರದಲ್ಲಿ ಎಕ್ಸ್‌ಪಿ ಸ್ಥಾಪಿಸುವವರು ಅದರ ಜಾಲ ಸಂಪರ್ಕವನ್ನು ಸೆಟ್ಟಿಂಗ್‌ನಲ್ಲಿಯೇ ಕಡಿದುಬಿಡಬೇಕು. ಏಪ್ರಿಲ್ 8, 2014ರಂದೇ ಅದರ ಬೆಂಬಲ ಮುಗಿದಿದೆ. ಪರವಾನಗಿಯ ವಿಷಯವೂ ಉಂಟು: ಹಳೆಯ ಯಂತ್ರದ ಜೊತೆಗೇ ಬಂದ ವಿಂಡೋಸ್ ಪರವಾನಗಿ ಸಾಮಾನ್ಯವಾಗಿ ಆ ಯಂತ್ರಕ್ಕೇ ಸೀಮಿತ, ಬಿಡಿಯಾಗಿ ಕೊಂಡ ಸಿಡಿ ಇದ್ದವರಿಗೆ ಈ ತೊಡಕಿಲ್ಲ. ಹಳೆಯ ತಂತ್ರಾಂಶ ತೆರೆದುಕೊಂಡ ದಿನವೇ ಖಾತೆಗಳು, ದಿನವಹಿ, ಮಾರಾಟ ಹಾಗೂ ಖರೀದಿ ವಹಿಗಳನ್ನು ವರ್ಷವಾರು ಪಠ್ಯ ಅಥವಾ ಪಿಡಿಎಫ್ ಕಡತಗಳಾಗಿ ಹೊರತೆಗೆಯಿರಿ. ಯಂತ್ರ ಆರಿಸಿದ ಮೇಲೆ ವರ್ಚುವಲ್‌ಬಾಕ್ಸಿನ ಎಕ್ಸ್‌ಪೋರ್ಟ್ ಸೌಲಭ್ಯದಿಂದ ಆ ಇಡೀ ವರ್ಚುವಲ್ ಗಣಕವನ್ನೇ ಒಂದು ಕಡತವಾಗಿ ಹೊರಡಿಸಿ ಹೊರಗಿನ ಡಿಸ್ಕಿನಲ್ಲಿ ಇಡಬಹುದು. ಮುಂದೆ ಲ್ಯಾಪ್‌ಟಾಪ್ ಬದಲಾದಾಗ ಎಕ್ಸ್‌ಪಿಯನ್ನು ಮತ್ತೆ ಸ್ಥಾಪಿಸುವ ಅಗತ್ಯ ಬೀಳುವುದಿಲ್ಲ, ಹೊಸ ಯಂತ್ರದ ವಿಟಿ-ಎಕ್ಸ್ ತೆರೆದಿದೆಯೇ ಎಂದು ನೋಡಿಕೊಂಡರಾಯಿತು.