ತಿಂಗಳು ತುಂಬದ ಮಗುವನ್ನು ಎದೆಗವಚಿಕೊಳ್ಳಬಹುದೇ?

ಪ್ರಶ್ನೆ: ಬಿಪಿ ಏರಿದ್ದರಿಂದ ನನಗೆ 31ನೇ ವಾರಕ್ಕೇ ಸಿಸೇರಿಯನ್ ಆಯಿತು. ಹೆಣ್ಣುಮಗು. ಹುಟ್ಟಿದಾಗ 1,400 ಗ್ರಾಂ ಇದ್ದವಳು ಒಂದು ವಾರದಲ್ಲಿ 1,290 ಗ್ರಾಂಗೆ ಇಳಿದಿದ್ದಾಳೆ. ಜಿಲ್ಲಾ ಆಸ್ಪತ್ರೆಯ ಎಸ್‌ಎನ್‌ಸಿಯುನಲ್ಲಿ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಬೆಚ್ಚಗಿಡುವ ಪೆಟ್ಟಿಗೆಯೊಳಗಿಟ್ಟು, ನಳಿಕೆಯಲ್ಲಿ ಹಾಲು ಕೊಡುತ್ತಿದ್ದಾರೆ. ಆಕ್ಸಿಜನ್ ತೆಗೆದಿದ್ದಾರೆ. ನರ್ಸ್ ‘ಮಗುವನ್ನು ಎದೆ ಮೇಲೆ ಹಾಕಿಕೊಳ್ಳಿ’ ಎನ್ನುತ್ತಾರೆ. ಅತ್ತೆ ‘ಮುಟ್ಟಿದರೆ ನಂಜಾಗುತ್ತದೆ’ ಎಂದು ಬಿಡುತ್ತಿಲ್ಲ. ನನಗೆ ಹಾಲೂ ಕಡಿಮೆ. ಏನು ಮಾಡಲಿ?
– ಓದುಗಿ, ಕೊಪ್ಪಳ ಜಿಲ್ಲೆ

ಉತ್ತರ: ನರ್ಸ್ ಹೇಳಿದ್ದೇ ಸರಿ. ಲಂಗೋಟಿ, ಕುಲಾವಿ ಮಾತ್ರ ತೊಡಿಸಿದ ಮಗುವನ್ನು ನಿಮ್ಮ ಬರಿ ಎದೆಗೆ ನೆಟ್ಟಗೆ ಒರಗಿಸಿ, ಮೇಲೆ ಬಟ್ಟೆ ಸುತ್ತುವುದೇ ಕಾಂಗರೂ ಆರೈಕೆ. 1978ರ ಸುಮಾರಿಗೆ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದ ಕ್ರಮವಿದು. ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1ರಿಂದ 1.8 ಕಿಲೋ ತೂಕದ ಮಕ್ಕಳಿಗೆ ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದಾಗ ಮೊದಲ 28 ದಿನಗಳ ಸಾವು ಶೇ 25ರಷ್ಟು ಕಡಿಮೆಯಾಯಿತು. ದಿನಕ್ಕೆ ಕನಿಷ್ಠ 8 ಗಂಟೆ ಹೀಗಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಮ್ಮೆ ಕೂತರೆ ಒಂದು ಗಂಟೆಯಾದರೂ ಏಳಬೇಡಿ.

ಅತ್ತೆಯವರ ಅಂಜಿಕೆಗೆ ಕಾರಣವಿಲ್ಲದಿಲ್ಲ. ಇಂಥ ಮಕ್ಕಳಿಗೆ ಸೋಂಕು ಬೇಗ ತಗಲುತ್ತದೆ. ಆದರೆ ಅದು ಹೆಚ್ಚಾಗಿ ಬರುವುದು ತೊಳೆಯದ ಕೈಗಳಿಂದ. ಉಂಗುರ, ಬಳೆ ತೆಗೆದು ಮೊಣಕೈವರೆಗೆ ಸೋಪಿನಿಂದ ತೊಳೆಯಿರಿ. ಜ್ವರ, ನೆಗಡಿ, ಚರ್ಮದ ಹುಣ್ಣು ಇದ್ದರೆ ಮೊದಲು ನರ್ಸ್‌ಗೆ ತಿಳಿಸಿ. ಅತ್ತೆಯವರನ್ನೂ ಒಮ್ಮೆ ಡಾಕ್ಟರ ಬಳಿ ಮಾತಾಡಿಸಿ. ಅವರಿಗೆ ಮನವರಿಕೆಯಾದರೆ ನಿಮ್ಮ ಅರ್ಧ ಭಾರ ಇಳಿಯುತ್ತದೆ.

ತೂಕ ಇಳಿದದ್ದಕ್ಕೆ ಗಾಬರಿ ಬೇಡ. ಮೊದಲ ವಾರ ಶೇ 10ರಷ್ಟು ಇಳಿಯುವುದು ಸಹಜ. ಎರಡು ವಾರದ ಹೊತ್ತಿಗೆ ಹುಟ್ಟುತೂಕಕ್ಕೆ ಮರಳುತ್ತದೆ. ಹೀರುವುದು, ನುಂಗುವುದು, ಉಸಿರಾಡುವುದು ಒಂದಕ್ಕೊಂದು ಹೊಂದುವುದು ಸುಮಾರು 34ನೇ ವಾರಕ್ಕೆ. ಅಲ್ಲಿಯವರೆಗೆ ನಳಿಕೆ ಬೇಕು. ಅದರಲ್ಲಿ ಹೋಗಬೇಕಾದ್ದು ನಿಮ್ಮ ಹಾಲೇ. ಎರಡು–ಮೂರು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ, ದಿನಕ್ಕೆ 8ರಿಂದ 12 ಸಲ ಹಾಲು ಹಿಂಡಿ ತೆಗೆಯಿರಿ. ಮಗುವನ್ನು ಎದೆಗೊರಗಿಸಿಕೊಂಡು ಎದ್ದ ಕೂಡಲೇ ಹಿಂಡಿದರೆ ಹೆಚ್ಚು ಬರುತ್ತದೆ. ಒಂದೆರಡು ಚಮಚ ಬಂದರೂ ಚೆಲ್ಲಬೇಡಿ. ಪಥ್ಯವೆಂದು ಅರೆಹೊಟ್ಟೆ ಇರಬೇಡಿ. ಬಾಣಂತಿಗೆ ನೀರು ಕೊಡಬಾರದೆಂಬ ಮಾತನ್ನೂ ಕೇಳಬೇಡಿ.

ಪ್ರಶ್ನೆ: ಹೆಂಡತಿ ಆಪರೇಷನ್‌ನಿಂದ ಸುಧಾರಿಸಿಕೊಳ್ಳುತ್ತಿದ್ದಾಳೆ. ತಂದೆಯಾಗಿ ನಾನೇನು ಮಾಡಬಹುದು? ತಿಂಗಳು ತುಂಬದ ನಮ್ಮ ಮಗುವನ್ನು ಮನೆಗೆ ಯಾವಾಗ ಕಳಿಸುತ್ತಾರೆ?
– ಓದುಗ, ಹಾವೇರಿ

ಉತ್ತರ: ಕಾಂಗರೂ ಆರೈಕೆಯನ್ನು ನೀವೂ ಮಾಡಬಹುದು, ಮಗುವನ್ನು ಬೆಚ್ಚಗಿಡಲು ಗಂಡಸಿನ ಎದೆಯೂ ಸಾಕು. ಹೆಂಡತಿ ಅತ್ತರೆ ಸುಮ್ಮನಾಗಿಸಬೇಡಿ, ಕೂತು ಕೇಳಿ. ‘ನೀನು ಹುಷಾರಾಗಿರಲಿಲ್ಲ, ಅದಕ್ಕೇ ಹೀಗಾಯಿತು’ ಎನ್ನುವ ನೆಂಟರನ್ನು ದೂರವಿಡಿ. ಎರಡು ವಾರ ಕಳೆದರೂ ಅಳು, ನಿದ್ದೆಗೇಡು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.

ಕಳಿಸುವುದಕ್ಕೆ ತೂಕವೊಂದೇ ಅಳತೆಯಲ್ಲ. ಮಗು ಬಾಯಿಂದಲೇ ಹಾಲು ಕುಡಿಯಬೇಕು, ದಿನದಿನ ತೂಕ ಏರಬೇಕು, ಪೆಟ್ಟಿಗೆಯ ಹೊರಗೂ ಮೈ ಬೆಚ್ಚಗಿರಬೇಕು, ಕೆಲವು ದಿನಗಳಿಂದ ಉಸಿರು ನಡುವೆ ನಿಂತಿರಬಾರದು. ‘ಮನೆಯಲ್ಲೇ ನೋಡಿಕೊಳ್ಳುತ್ತೇವೆ’ ಎಂದು ಮೊದಲೇ ಕರೆದೊಯ್ಯಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ನವಜಾತ ಶಿಶುವಿನ ಚಿಕಿತ್ಸೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ.

ಕೊನೆಯದಾಗಿ, ಇಬ್ಬರಿಗೂ ಒಂದು ಮಾತು: 34 ವಾರಕ್ಕಿಂತ ಮೊದಲು ಅಥವಾ 2 ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ 30 ದಿನದೊಳಗೆ ಕಣ್ಣಿನ ಅಕ್ಷಿಪಟಲದ ಪರೀಕ್ಷೆ ಆಗಲೇಬೇಕು. ಆಸ್ಪತ್ರೆಯವರು ಹೇಳದಿದ್ದರೆ ನೀವೇ ಕೇಳಿ. ತಡವಾದರೆ ಹೋದ ದೃಷ್ಟಿ ಮರಳುವುದಿಲ್ಲ.