ತೆರೆಯ ಮೇಲಿನ ಬೆಳಕು

ಬೆಳಗಾವಿಯ ಕೋಟೆಯಲ್ಲಿರುವ ಕಮಲ ಬಸದಿಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ರಟ್ಟರ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿಯಾದ ಬೀಚಿರಾಜನು ಇದನ್ನು 1204ರಲ್ಲಿ ಕಟ್ಟಿಸಿದನು. ಒಳಗಿನ ಕಂಬಗಳು ಬಹು ನುಣುಪು. ಹೊರಗಿನ ಬೆಳಕು ಅವುಗಳ ಮೈಮೇಲೆ ಹೊಳೆದು, ನೆಲಕ್ಕೆ ತಾಗಿ, ನೇರ ಬಿಸಿಲು ಕಾಣದ ಮೂಲೆಯನ್ನೂ ಮಂದವಾಗಿ ಬೆಳಗುತ್ತದೆ. ಬೆಳಕಿನ ಈ ಅಲೆದಾಟವನ್ನು ವಿಡಿಯೊ ಆಟದಲ್ಲಿ ತೋರಿಸುವುದು ಹೇಗೆ?

ದೀಪದಿಂದ ಹೊರಟ ಕಿರಣಗಳನ್ನೆಲ್ಲ ಲೆಕ್ಕ ಹಾಕುವುದು ವ್ಯರ್ಥ. ಬಹುಪಾಲು ಕಿರಣಗಳು ನಮ್ಮ ಕಣ್ಣಿಗೆ ಬರುವುದೇ ಇಲ್ಲ. ಆದುದರಿಂದ ಗಣಕಯಂತ್ರವು ಹಿಮ್ಮುಖವಾಗಿ ನಡೆಯುತ್ತದೆ. ಕಣ್ಣಿನಿಂದಲೇ ಕಿರಣವೊಂದನ್ನು ಹೊರಡಿಸಿ, ಅದು ಯಾವ ವಸ್ತುವಿಗೆ ತಾಗಿ ಎತ್ತ ಪುಟಿಯಿತೆಂದು ಜಾಡು ಹಿಡಿಯುತ್ತದೆ. ಇದೇ ರೇ ಟ್ರೇಸಿಂಗ್. ಪ್ರತಿಬಿಂಬ, ನೆರಳು, ವಕ್ರೀಭವನ ಈ ಮೂರನ್ನೂ ಹೀಗೆ ಚಿತ್ರಿಸುವ ಕ್ರಮವನ್ನು ಅಮೆರಿಕದ ಟರ್ನರ್ ವಿಟೆಡ್ 1980ರಲ್ಲಿ ಪ್ರಕಟಿಸಿದರು. ಅಂದು ಒಂದು ಚಿತ್ರಕ್ಕೆ ತಾಸಿಗೂ ಮಿಕ್ಕಿದ ಕಾಲ ಹಿಡಿಯುತ್ತಿತ್ತು. ಆಟವಾದರೋ ಕಾಯುವಂತಿಲ್ಲ. ಅಗಲಕ್ಕೆ 1920, ಎತ್ತರಕ್ಕೆ 1080 ಚುಕ್ಕೆಗಳಿರುವ ತೆರೆಯಲ್ಲಿ ಒಟ್ಟು 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳು. ಚಿತ್ರವೋ ಸೆಕೆಂಡಿಗೆ 60 ಸಲ ಬದಲಾಗಬೇಕು!

ಆಗ ಹೊಳೆದದ್ದು ಮಿತವ್ಯಯದ ದಾರಿ. ತೆರೆಯ ಪ್ರತಿಯೊಂದು ಚುಕ್ಕೆಯ ಬಣ್ಣದೊಡನೆ, ಅಲ್ಲಿ ಕಾಣುವ ವಸ್ತು ಕಣ್ಣಿನಿಂದ ಎಷ್ಟು ದೂರವೆಂಬ ಅಳತೆಯೂ ಯಂತ್ರದಲ್ಲಿ ದಾಖಲಾಗಿರುತ್ತದೆ. ಷೇಡರ್ ಎಂಬ ಚಿಕ್ಕ ಪ್ರೋಗ್ರಾಮು ಪುಟಿದ ಕಿರಣವನ್ನು ಈ ದಾಖಲೆಯ ಮೇಲೆ ಹೆಜ್ಜೆಹೆಜ್ಜೆಯಾಗಿ ನಡೆಸುತ್ತದೆ. ಕಿರಣವು ಅಲ್ಲಿ ದಾಖಲಾದ ದೂರವನ್ನು ಮೀರಿತೋ, ಅದು ವಸ್ತುವಿಗೆ ತಾಗಿತೆಂದು ಬಗೆದು ಆ ಚುಕ್ಕೆಯ ಬಣ್ಣವನ್ನು ಎತ್ತಿ ತರುತ್ತದೆ. 2011ರಲ್ಲಿ 'ಕ್ರೈಸಿಸ್ 2' ಎಂಬ ಆಟ ಇಂತಹ ಪ್ರತಿಬಿಂಬಗಳನ್ನು ತೋರಿಸಿತು. ಒಂದೇ ಚುಕ್ಕೆಯನ್ನು ಮತ್ತೆ ಮತ್ತೆ ಪರೀಕ್ಷಿಸದೆ, ನಡುವೆ ಯಾವುದನ್ನೂ ಬಿಡದೆ ಕಿರಣವನ್ನು ನಡೆಸುವ ಬಗೆಯನ್ನು ಮೋರ್ಗನ್ ಮೆಕ್‌ಗೈರ್ ಮತ್ತು ಮೈಕೇಲ್ ಮಾರಾ 2014ರಲ್ಲಿ ವಿವರಿಸಿದರು.

ಆದರೆ ತೆರೆಯ ಮೇಲಿಲ್ಲದ್ದು ಈ ಷೇಡರಿನ ಪಾಲಿಗೆ ಲೋಕದಲ್ಲಿಯೇ ಇಲ್ಲ. ಖಾನಾಪುರದಲ್ಲಿ ಮಲಪ್ರಭೆಯ ದಡಕ್ಕೆ ಹೋಗಿ ನಿಲ್ಲಿರಿ. ಮಳೆಗಾಲದ ಕೆಂಪು ನೀರು ನಮ್ಮ ಕೆಲಸಕ್ಕೆ ಬಾರದು. ಚಳಿಗಾಲದ ತಿಳಿನೀರು ಇರಲಿ. ಎದುರು ದಡದ ಮರಗಳು ನೀರಿನಲ್ಲಿ ತಲೆಕೆಳಗಾಗಿ ತೋರುತ್ತವೆ. ಈಗ ತಲೆ ತಗ್ಗಿಸಿ ನೀರನ್ನಷ್ಟೇ ನೋಡಿರಿ. ದಡದ ಮರ ಮರೆಯಾದರೂ ನೀರಿನೊಳಗಿನ ಮರ ಅಲ್ಲಿಯೇ ಇದೆಯಷ್ಟೆ. ಆಟದ ನದಿಯಲ್ಲಿಯಾದರೆ ಮರವು ತೆರೆಯ ಅಂಚನ್ನು ದಾಟಿದೊಡನೆ ಪ್ರತಿಬಿಂಬವೂ ಅಳಿಸಿಹೋಗುತ್ತದೆ. ಸೇತುವೆಯ ಅಡಿಭಾಗವೂ ಹಾಗೆಯೇ: ನೀರು ಅದನ್ನು ಕಾಣುತ್ತದೆ, ನಮ್ಮ ಕಣ್ಣು ಕಾಣದು, ಕಾಣದುದರ ಬಣ್ಣವನ್ನು ಷೇಡರ್ ಎಲ್ಲಿಂದ ತಂದೀತು? ಬಸದಿಯಲ್ಲಿ ನಮ್ಮ ಬೆನ್ನ ಹಿಂದಿನ ಬಾಗಿಲು ಎದುರಿನ ಕಂಬದ ಮೇಲೆ ಮೂಡಿಸುವ ಹೊಳಪಿಗೂ ಇದೇ ಗತಿ.

ಈ ಕೊರತೆಯನ್ನು ಮುಚ್ಚಲು ಆಟಗಾರರ ಸುತ್ತಲಿನ ನೋಟವನ್ನು ಮೊದಲೇ ಚಿತ್ರವಾಗಿಸಿ ಇಡುವುದುಂಟು. 2018ರಿಂದ ಕಿರಣಗಳ ಲೆಕ್ಕಕ್ಕೆಂದೇ ಪ್ರತ್ಯೇಕ ಅಂಗಗಳುಳ್ಳ ಗ್ರಾಫಿಕ್ಸ್ ಕಾರ್ಡುಗಳೂ ಬಂದಿವೆ. ಅವು ತೆರೆಯಾಚೆಯ ವಸ್ತುಗಳನ್ನೂ ಹುಡುಕಬಲ್ಲವು. ಆದರೂ ಅನೇಕ ಆಟಗಳು ಮೊದಲು ತೆರೆಯಲ್ಲಿಯೇ ಹುಡುಕಿ, ಸಿಗದಿದ್ದರೆ ಮಾತ್ರ ಆ ದುಬಾರಿ ದಾರಿಯನ್ನು ಹಿಡಿಯುತ್ತವೆ. ಇದು ಜಾಣತನವೆಂದೇ ನನ್ನ ಎಣಿಕೆ. ಮುಂದೆ ಯಾವುದಾದರೂ ಆಟದಲ್ಲಿ ಕೆರೆಯೋ ಹೊಳೆಯೋ ಎದುರಾದಾಗ ನೋಟವನ್ನು ಮೆಲ್ಲನೆ ಕೆಳಗಿಳಿಸಿ, ನೀರಿನೊಳಗಿನ ಮರಗಳು ಉಳಿದವೇ ಅಳಿದವೇ ಎಂದು ಪರೀಕ್ಷಿಸಿರಿ.